ಮಘವನ ತರ್ಕಶಾಸ್ತ್ರ

ವಾಚಕ ಮಹಾಶಯರು ನಗಬಾರದು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ನಮಗೆ ಉಳಿದಿರುವ ಶಿಷ್ಯನು ಒಬ್ಬನೇ. ಅವನಿಗೆ ಕಾಲು ನಾಲ್ಕು, ಬಾಲ ಒಂದು. ಸಂತಾನಹರಣ ಚಿಕಿತ್ಸೆಯ ಗುರುತಾಗಿ ಕಿವಿಯ ತುದಿಯನ್ನು ಕತ್ತರಿಸಿಕೊಂಡ ಹಲಸೂರಿನ ಬೀದಿನಾಯಿ ಅವನು. ಒಂದು ಮಳೆಗಾಲದ ರಾತ್ರಿ ನಮ್ಮ ಮಹಡಿಮೆಟ್ಟಿಲಿನ ಬುಡದಲ್ಲಿ ಬಂದು ಮಲಗಿದವನು ಮರಳಿ ಹೋಗಲಿಲ್ಲ.

ಹೆಸರಿಡುವುದಕ್ಕೆ ವ್ಯಾಕರಣವು ನೆರವಾಯಿತು. ಪಾಣಿನಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ಶ್ವನ್, ಯುವನ್, ಮಘವನ್ ಎಂಬ ಮೂರು ಶಬ್ದಗಳನ್ನು, ಎಂದರೆ ನಾಯಿ, ತರುಣ, ದೇವೇಂದ್ರ ಈ ಮೂವರನ್ನೂ, ಒಂದೇ ಸೂತ್ರದಲ್ಲಿ ಕಟ್ಟಿಹಾಕಿರುವನು. ವಿಭಕ್ತಿಪ್ರತ್ಯಯ ಹತ್ತುವಾಗ ಮೂರೂ ಒಂದೇ ರೀತಿ ರೂಪ ಬದಲಿಸುವುದೊಂದೇ ಇದಕ್ಕೆ ಕಾರಣ. ಈ ಸೂತ್ರ ಬಂದಾಗಲೆಲ್ಲ ತರಗತಿಯಲ್ಲಿ ಹುಡುಗರು ನಕ್ಕದ್ದುಂಟು. ಆ ಸಲಿಗೆಯಿಂದ ನಾಯಿಗೆ ಮಘವನೆಂದೇ ಹೆಸರಿಟ್ಟೆವು. ನೆರೆಯ ತಮಿಳು ಮನೆಗಳವರು ಅವನನ್ನು ಮಣಿ ಎನ್ನುವರು. ಎರಡಕ್ಕೂ ಅವನು ಸಮವಾಗಿಯೇ ಬಾಲವಾಡಿಸುವನು. ನಾಮರೂಪಗಳು ಮಿಥ್ಯೆಯೆಂಬುದನ್ನು ನಾವು ಭಾಷ್ಯ ಓದಿ ತಿಳಿದೆವು. ಅವನು ಓದದೆಯೇ ಬಲ್ಲನು.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಸ್ ದೇಶದಲ್ಲಿ ಕ್ರಿಸಿಪ್ಪಸ್ ಎಂಬ ತಾರ್ಕಿಕನಿದ್ದನು. ಬೇಟೆಯ ಜಾಡು ಹಿಡಿದ ನಾಯಿಯು ಮೂರು ದಾರಿ ಕೂಡುವಲ್ಲಿಗೆ ಬಂದರೆ, ಎರಡನ್ನು ಮೂಸಿ ನೋಡಿ, ವಾಸನೆ ಸಿಕ್ಕದಿರಲು ಮೂರನೆಯದನ್ನು ಮೂಸದೆಯೇ ಓಡುವುದೆಂದೂ, ಆದ್ದರಿಂದ ನಾಯಿಗೂ ತರ್ಕವುಂಟೆಂದೂ ಅವನು ಹೇಳಿದನಂತೆ. ನಮ್ಮ ನೈಯಾಯಿಕರು ಇದನ್ನು ಪರಿಶೇಷಾನುಮಾನವೆನ್ನುವರು: ಆಗದುದನ್ನು ತಳ್ಳುತ್ತ ಹೋಗಿ ಉಳಿದುದನ್ನು ಹಿಡಿಯುವುದು. ಎರಡು ಡಬ್ಬಿಗಳಲ್ಲಿ ಬೆಲ್ಲ ಕಾಣದ ಗೃಹಿಣಿಯು ಮೂರನೆಯದನ್ನು ಮುಚ್ಚಳ ತೆಗೆಯದೆಯೇ ಒಲೆಯ ಬಳಿಗೆ ಒಯ್ಯುವುದಿಲ್ಲವೆ? ಅದೇ ಇದು.

ಪರೀಕ್ಷಿಸದೆ ಬಿಡುವುದು ಉಪಾಧ್ಯಾಯಧರ್ಮವಲ್ಲ. ನಮ್ಮ ಬೀದಿಯು ಮೂರಾಗಿ ಒಡೆಯುವ ಒಂದು ಸ್ಥಳವುಂಟು. ಒಂದು ಸೋಮೇಶ್ವರ ದೇವಾಲಯಕ್ಕೆ, ಒಂದು ಮಾರುಕಟ್ಟೆಗೆ, ಒಂದು ಕೆರೆಯ ಕಡೆಗೆ. ನಮ್ಮ ಮನೆಯಾಕೆಯನ್ನು ಮುಂದಾಗಿ ಕಳುಹಿಸಿ, ಸ್ವಲ್ಪ ಹೊತ್ತಿನ ಮೇಲೆ ಮಘವನನ್ನು ಬಿಟ್ಟೆವು. ಅವನು ಕೆರೆಯ ದಾರಿಯನ್ನು ಮೂಸಿದನು. ಮಾರುಕಟ್ಟೆಯ ದಾರಿಯನ್ನು ಮೂಸಿದನು. ಕೂಡಲೆ ತಲೆಯೆತ್ತಿ ದೇವಾಲಯದ ಕಡೆಗೆ ಓಡಿದನು! ಕ್ರಿಸಿಪ್ಪಸನು ಗೆದ್ದನೆಂದು ನಾವು ನಡುಬೀದಿಯಲ್ಲಿ ಚಪ್ಪಾಳೆ ತಟ್ಟಿದೆವು. ಹೂವಿನವಳು ನಮ್ಮನ್ನು ವಿಚಿತ್ರವಾಗಿ ನೋಡಿದಳು. ಮರುದಿನ ಆಕೆ ಕೆರೆಯ ಕಡೆಗೆ ಹೋದಳು. ಮಘವನು ಒಂದು ದಾರಿಯನ್ನೂ ಮೂಸದೆ ಮಾರುಕಟ್ಟೆಗೆ ನಡೆದು, ಮಾಂಸದ ಅಂಗಡಿಯ ಮುಂದೆ ಪದ್ಮಾಸನ ಹಾಕಿದವನಂತೆ ಕುಳಿತನು. ಹೇತುವು ವ್ಯಭಿಚರಿಸಿತು. ಮೊದಲ ದಿನವೂ ಗಾಳಿಯೇ ವಾಸನೆಯನ್ನು ತಂದಿದ್ದರೆ ಅದು ಅನುಮಾನವಲ್ಲ, ಬರಿಯ ಪ್ರತ್ಯಕ್ಷ. ಈ ವ್ಯಾಜ್ಯವನ್ನು ನಾವಿನ್ನೂ ತೀರಿಸಿಲ್ಲ.

ಹಸಿವಿನ ವಿಷಯದಲ್ಲಿ ಮಾತ್ರ ವ್ಯಾಜ್ಯವಿಲ್ಲ. ಛಾಂದೋಗ್ಯದ ಮೊದಲನೆಯ ಅಧ್ಯಾಯದಲ್ಲಿ ನಾಯಿಗಳು ಋತ್ವಿಜರಂತೆ ಒಂದರ ಹಿಂದೊಂದು ಸುತ್ತಿಬಂದು ಕುಳಿತು, ಅನ್ನಕ್ಕಾಗಿ ಸಾಮಗಾನ ಮಾಡುವ ಪ್ರಸಂಗವುಂಟು. ಸ್ವಾಧ್ಯಾಯಕ್ಕೆ ಮೆಚ್ಚಿದ ದೇವತೆಯೋ ಋಷಿಯೋ ನಾಯಿಯ ರೂಪದಿಂದ ಬಂದುದೆಂದು ಶಂಕರರ ಭಾಷ್ಯ. ಪುರೋಹಿತರನ್ನು ಹಾಸ್ಯಮಾಡಿದುದೆಂದು ಈಚಿನ ಕೆಲವು ವಿದ್ವಾಂಸರು. ಹನ್ನೊಂದು ಗಂಟೆಗೆ ಸರಿಯಾಗಿ ನಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ನಡೆಯುವ ಗಾನವನ್ನು ಇವರಾರೂ ಕೇಳಿದವರಲ್ಲ.

ಇಷ್ಟು ದಿನ ಇದು ವಿನೋದವಾಗಿತ್ತು. ಮೊನ್ನೆ ಮಘವನೇ ನಮ್ಮನ್ನು ಪರೀಕ್ಷೆಗೆ ಕೂರಿಸಿದನು. ನಮ್ಮ ಮನೆಯಾಕೆಗೆ ಮಂಡಿನೋವು; ಮಹಡಿಯ ಮನೆಯ ಹದಿನಾರು ಮೆಟ್ಟಿಲು ಹತ್ತಿಳಿಯುವುದು ದಿನೇದಿನೇ ಕಷ್ಟವಾಗುತ್ತಿದೆ. ಕೆ. ಆರ್. ಪುರದ ಕಡೆ ದೊಡ್ಡ ಸಮುಚ್ಚಯವೊಂದರ ಒಂಬತ್ತನೆಯ ಅಂತಸ್ತಿನಲ್ಲಿರುವ ಮಗನು, "ಅಪ್ಪ, ಇನ್ನು ಇಲ್ಲಿಗೇ ಬಂದುಬಿಡಿ, ಲಿಫ್ಟ್ ಇದೆ" ಎಂದನು. ಮೂವರೂ ಆಟೋದಲ್ಲಿ ನೋಡಿಬರಲು ಹೋದೆವು. ಲಿಫ್ಟಿನ ಬಾಗಿಲಲ್ಲಿ ಕಾವಲುಗಾರನು ಕೈ ಅಡ್ಡ ಹಿಡಿದು, "ನೀವು ಹೋಗಬಹುದು ಸಾರ್, ನಾಯಿಗೆ ಅಪ್ಪಣೆ ಇಲ್ಲ" ಎಂದನು.

ಮಹಾಪ್ರಸ್ಥಾನಿಕ ಪರ್ವವನ್ನು ಎಷ್ಟು ಸಲ ಪಾಠ ಹೇಳಿದ್ದೆವು! ರಥ ತಂದ ಇಂದ್ರನು ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಸ್ಥಳವಿಲ್ಲವೆಂದನು, ಯುಧಿಷ್ಠಿರನು ರಥವೇರಲೊಪ್ಪಲಿಲ್ಲ. ಇಲ್ಲಿ ಇಂದ್ರನ ಹೆಸರಿನವನೇ ಕೆಳಗೆ ನಿಂತಿದ್ದನು. ಆದರೆ ಯುಧಿಷ್ಠಿರನಿಗಿಲ್ಲದ ತೊಡಕು ನಮಗುಂಟು. ಅವನ ದ್ರೌಪದಿಯು ದಾರಿಯಲ್ಲಿಯೇ ಬಿದ್ದುಹೋಗಿದ್ದಳು. ಅವನು ತಿರುಗಿ ನೋಡದೆ ನಡೆದಿದ್ದನು. ಸತ್ತವರನ್ನು ಬದುಕಿಸಲಾರೆ, ಬದುಕಿರುವ ನಾಯಿಯನ್ನು ಬಿಡಲಾರೆ ಎಂಬುದು ಅವನ ಸಮಾಧಾನ. ನಮ್ಮಾಕೆಯು ಬದುಕಿರುವಳು, ಮಂಡಿಯೂ ನೋಯುತ್ತಿದೆ. ಯಾರಿಗಾಗಿ ಯಾರನ್ನು ನೋಯಿಸುವುದು? ಅಷ್ಟು ವರ್ಷ ಪಾಠ ಹೇಳಿದ ಬಾಯಿಗೆ ಮಾತು ಹೊರಡಲಿಲ್ಲ. ಆಕೆಯೇ ಮಗನ ಕಡೆ ತಿರುಗಿ, "ನಿಮ್ಮಪ್ಪ ಬೇಕಾದರೆ ಮೇಲೆ ಹೋಗಲಿ ಕಣೋ, ನಾನೂ ಮಘವನೂ ಇಲ್ಲೇ ಇರ್ತೀವಿ" ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಸಾಕುನಾಯಿಗಳನ್ನು ನಿಷೇಧಿಸುವ, ಲಿಫ್ಟಿನಿಂದ ದೂರವಿಡುವ ಅಧಿಕಾರ ನಿವಾಸಿಗಳ ಸಂಘಗಳಿಗೆ ಇಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಮಗನು ಅದನ್ನು ಲಗತ್ತಿಸಿ ಸಂಘಕ್ಕೆ ಪತ್ರ ಬರೆದಿರುವನು, ಉತ್ತರ ಬಂದಿಲ್ಲ. ಸದ್ಯಕ್ಕೆ ಹಲಸೂರಿನಲ್ಲಿಯೇ ಇದ್ದೇವೆ. ಬೆಳಗ್ಗೆ ಆಕೆಯು ಕೈಹಿಡಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವಾಗ ಮಘವನು ಎರಡು ಮೆಟ್ಟಿಲು ಮುಂದೆ ಹೋಗಿ, ನಿಂತು, ತಿರುಗಿ ನೋಡುವನು.