‘ನೀರ್’ ಶಬ್ದವಿಚಾರ

ಸಂಸ್ಕೃತದ ‘ನೀರ’ ಶಬ್ದವನ್ನು ‘ನೀ’ ಧಾತುವಿಗೆ ‘ರಕ್’ ಪ್ರತ್ಯಯವನ್ನು ಸೇರಿಸಿ ಸಾಧಿಸುವರು. ಕನ್ನಡದ ‘ನೀರ್’ ಅದರಿಂದಲೇ ಹುಟ್ಟಿತೆಂದು ಭಾವಿಸುವವರುಂಟು. ಆದರೆ ಋಗ್ವೇದದಲ್ಲಿ ‘ಆಪಃ’, ‘ಉದಕ’, ‘ಸಲಿಲ’ಗಳು ದೊರೆಯುವುವೇ ಹೊರತು ‘ನೀರ’ವು ದೊರೆಯದು. ಇತ್ತ ತಮಿಳು ಮಲೆಯಾಳಗಳಲ್ಲಿ ‘ನೀರ್’, ತೆಲುಗಿನಲ್ಲಿ ‘ನೀರು’. ದೂರದ ಬಲೂಚಿಸ್ತಾನದ ದ್ರಾವಿಡಭಾಷೆಯಾದ ಬ್ರಾಹೂಈಯಲ್ಲಿ ‘ದೀರ್’. ಈ ನಕಾರ-ದಕಾರ ವ್ಯತ್ಯಯವು ಆಕಸ್ಮಿಕವಲ್ಲ. ಕನ್ನಡದ ‘ನೆತ್ತರ್’ ಅಲ್ಲಿ ‘ದಿತರ್’ ಆಗಿರುವುದು.

ಧ್ವನಿಸಾಮ್ಯವೊಂದೇ ಪ್ರಮಾಣವಾಗದು. ಇಂದಿನ ಗ್ರೀಕಿನಲ್ಲಿಯೂ ನೀರಿಗೆ ‘ನೆರೊ’ ಎಂಬರು. ಅದು ‘ಹೊಸತು’ ಎಂಬರ್ಥದ ಪ್ರಾಚೀನ ಗ್ರೀಕ್ ವಿಶೇಷಣದಿಂದ ಬಂದುದು. ಕನ್ನಡದ ನೀರಿಗೆ ಬಂಧುವಲ್ಲ. ನಿಯತವಾದ ವರ್ಣವ್ಯತ್ಯಯವೇ ಬಾಂಧವ್ಯಕ್ಕೆ ಸಾಕ್ಷಿ. ಆದುದರಿಂದ ‘ನೀರ್’ ಅಚ್ಚದೇಶ್ಯವೆಂದೂ, ಸಂಸ್ಕೃತವೇ ಅದನ್ನು ದ್ರಾವಿಡದಿಂದ ಸ್ವೀಕರಿಸಿತೆಂದೂ ತಿಳಿಯುವುದು ಯುಕ್ತ.