ಟೆಕ್ನಿಕಲ್ ಕನ್ಸಲ್ಟೆಂಟ್ ಅಂದ್ರೆ ಸೇಲ್ಸ್‌ಮನ್ನೋ, ಎಂಜಿನಿಯರೋ?

ನಮ್ಮ ಉಡುಪಿ ಕಡೆಯ ಪರಿಚಿತರೊಬ್ಬರು ಈಗ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಟೆಕ್ನಿಕಲ್ ಕನ್ಸಲ್ಟೆಂಟ್. ಮೊದಲು ಶಾರ್ಜಾದಲ್ಲಿ ಏಸಿ ಕಂಪನಿಯೊಂದರ ಸೇಲ್ಸ್ ಎಂಜಿನಿಯರ್ ಆಗಿದ್ದವರು. ಊರಲ್ಲಿ ಅವರಮ್ಮ ಮಗ ಎಂಜಿನಿಯರ್ ಅಂತಾರೆ, ಇಲ್ಲಿನ ಗೆಳೆಯರು ಸೇಲ್ಸ್ ಅಂತಾರೆ. ಎರಡೂ ಅರ್ಧ ಸತ್ಯ. ಗಲ್ಫ್‌ನಿಂದ ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕುವವರು ಸಿಕ್ಕಿಬೀಳುವುದೂ ಇಲ್ಲೇ.

ಕೆಲಸ ಏನು ಅಂತ ನಮಗೆ ಗೊತ್ತಿರುವ ಏಸಿಯಲ್ಲೇ ನೋಡೋಣ. ಕ್ಯಾಟಲಾಗ್‌ನಲ್ಲಿ 5 ಟನ್ ಎಂದು ಇರುತ್ತದೆ. ಅದು ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇದ್ದಾಗಿನ ಲೆಕ್ಕ, ಅದಕ್ಕೆ ಟಿ1 ಅಂತಾರೆ. ಗಲ್ಫ್‌ಗೆ ಬೇಕಾದ್ದು ಟಿ3, ಅಂದರೆ 46 ಡಿಗ್ರಿಯ ಲೆಕ್ಕ. ಹೊರಗೆ ಬಿಸಿ ಏರಿದಂತೆ ಅದೇ ಮೆಷಿನ್ ಕೊಡುವ ತಂಪು ಇಳಿಯುತ್ತದೆ, ಕರೆಂಟ್ ಹೆಚ್ಚು ತಿನ್ನುತ್ತದೆ. ಮಾರ್ಕೆಟಿಂಗ್‌ನವರಿಗೆ ಆರ್ಡರ್ ಬೇಕು. ಫ್ಯಾಕ್ಟರಿ ಎಂಜಿನಿಯರ್ ಗಿರಾಕಿಯ ಕಟ್ಟಡವನ್ನೇ ನೋಡಿರುವುದಿಲ್ಲ. ನಡುವಿನವರು ಸೈಟ್ ನೋಡಿ, ಟೆಂಡರ್ ಓದಿ, ಒಂದೊಂದು ಷರತ್ತಿನ ಮುಂದೆಯೂ 'ಒಪ್ಪಿದೆ' ಅಥವಾ 'ಒಪ್ಪಿಲ್ಲ' ಎಂದು ಬರೆಯಬೇಕು. ತಪ್ಪಾಗಿ ಬರೆದ ಒಂದು 'ಒಪ್ಪಿದೆ' ಎರಡು ವರ್ಷದ ಮೇಲೆ ನಮ್ಮಂಥ ಅಕೌಂಟೆಂಟ್‌ಗಳ ಪುಸ್ತಕದಲ್ಲಿ ವಾರಂಟಿ ಖರ್ಚಾಗಿ, ಬಾರದ ರಿಟೆನ್ಷನ್ ದುಡ್ಡಾಗಿ ಕೂತಿರುತ್ತದೆ. ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾದೀತು: ಭಾಗವತರು ಹಾಡಿದ ಪದಕ್ಕೆ ಅರ್ಥಧಾರಿ ಮಾತು ಕೊಡುತ್ತಾನೆ, ಆದರೆ ಪದ ಬಿಟ್ಟು ಹೋಗುವ ಹಾಗಿಲ್ಲ.

ಸಂಬಳದಲ್ಲಿ ಒಂದು ವ್ಯತ್ಯಾಸ ಇದೆ. ಯುಎಇಯಲ್ಲಿ ಗ್ರಾಚ್ಯುಟಿ ಸಿಗುವುದು ಬೇಸಿಕ್ ಮೇಲೆ, ಕಮಿಷನ್ ಲೆಕ್ಕಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿ ಮಾಲೀಕರು ಸೂಪರ್‌ಆನ್ಯುಯೇಷನ್ ಎಂದು 2025ರ ಜುಲೈಯಿಂದ ಶೇ. 12 ಕಟ್ಟಬೇಕು, ಸಾಮಾನ್ಯವಾಗಿ ಕಮಿಷನ್‌ಗೂ ಸೇರಿಸಿ. ಆದರೆ ಅಲ್ಲಿ ಆದಾಯ ತೆರಿಗೆ ಉಂಟು, ಮನೆ ಬಾಡಿಗೆಯನ್ನು ಕಂಪನಿ ಕೊಡುವುದಿಲ್ಲ. ಪಾಯಿಂಟ್ ಕುಕ್‌ಗೆ ಸ್ವಂತ ರೈಲು ನಿಲ್ದಾಣವೂ ಇಲ್ಲ, ವಿಲಿಯಮ್ಸ್ ಲ್ಯಾಂಡಿಂಗ್‌ಗೆ ಹೋಗಿ ಹತ್ತಬೇಕು. ಇವರು ದಿನವಿಡೀ ಮಾತಾಡುವ ಕೆಲಸದವರು, ಭಾನುವಾರ ಚೀಟಮ್ ಜೌಗು ನೆಲದ ಕಡೆ ಬೈನಾಕ್ಯುಲರ್ ಹಿಡಿದು ಸುಮ್ಮನೆ ಕೂರುತ್ತಾರೆ. ಸೈಬೀರಿಯಾದಿಂದ ಹಾರಿ ಬರುವ ಹಕ್ಕಿಗಳೂ ಅಲ್ಲಿ ಇಳಿಯುತ್ತವಂತೆ. ನಮ್ಮ ಹಾಗೆಯೇ ಅನ್ನಿ.

ಈಗ ಅರ್ಜಿಯ ವಿಷಯ. ಆಸ್ಟ್ರೇಲಿಯಾದವರು ನೋಡುವುದು ಹುದ್ದೆಯ ಹೆಸರನ್ನಲ್ಲ, ನೀವು ನಿಜವಾಗಿ ಮಾಡಿದ ಕೆಲಸವನ್ನು. ಡಿಸೈನ್, ಲೆಕ್ಕ, ಪರೀಕ್ಷೆ ಹೆಚ್ಚಿದ್ದರೆ ಎಂಜಿನಿಯರ್ಸ್ ಆಸ್ಟ್ರೇಲಿಯಾ ಪರಿಶೀಲಿಸುತ್ತದೆ. ಸಾಫ್ಟ್‌ವೇರ್, ನೆಟ್‌ವರ್ಕ್‌ನವರಿಗೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ. ಮಾರಾಟವೇ ಮುಖ್ಯವಾದರೆ ದಾರಿ ಬೇರೆ, ವೆಟ್‌ಅಸೆಸ್ ಕಡೆ. ಭಾರತ 2014ರಲ್ಲಿ ವಾಷಿಂಗ್ಟನ್ ಅಕಾರ್ಡ್ ಸೇರಿದ್ದರೂ ಎಲ್ಲ ಕಾಲೇಜಿನ ಎಲ್ಲ ಡಿಗ್ರಿಗೆ ಅದು ಅನ್ವಯಿಸುವುದಿಲ್ಲ. ಅನ್ವಯಿಸದವರು ಸಿಡಿಆರ್ ಎಂಬ ವರದಿಯಲ್ಲಿ ತಮ್ಮ ಕೆಲಸದ ಮೂರು ಪ್ರಸಂಗ ಬರೆಯಬೇಕು. ಅಲ್ಲಿ 'ನಾವು ಮಾಡಿದೆವು' ನಡೆಯುವುದಿಲ್ಲ, 'ನಾನು ಮಾಡಿದೆ' ಎಂದಿರಬೇಕು. ದುಡ್ಡು ಕೊಟ್ಟು ಬೇರೆಯವರದ್ದನ್ನು ಕಾಪಿ ಹೊಡೆಸಿಕೊಂಡರೆ ಅರ್ಜಿಯೇ ಹೋಗುತ್ತದೆ.

ವೀಸಾದಲ್ಲಿ 'ಸೇಲ್ಸ್‌ಮನ್', ಕೈಯಲ್ಲಿ ಎಂಜಿನಿಯರ್ ಕೆಲಸ, ಇಂಥವರು ನಮ್ಮಲ್ಲಿ ಎಷ್ಟೋ ಮಂದಿ. ಕ್ಯಾನ್ಸಲ್ ಆಗಿ ಊರಿಗೆ ಹೋದಮೇಲೆ ಸಹಿ ಹಾಕುವವರು ಸಿಗುವುದಿಲ್ಲ. ಕೆಲಸದಲ್ಲಿ ಇರುವಾಗಲೇ ಮ್ಯಾನೇಜರ್ ಹತ್ತಿರ ಲೆಟರ್‌ಹೆಡ್‌ನಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏನೇನು ಮಾಡಿದಿರಿ ಎಂದು ಬರೆಸಿಕೊಳ್ಳಿ. ಸಂಬಳದ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ತೆಗೆದಿಡಿ, ಅಕೌಂಟ್ ಮುಚ್ಚುವ ಮೊದಲು.