ಡೂಮ್ ಪ್ಯಾಟ್ರೋಲ್: ಸತ್ತು ಮರಳಿದ ಸೂಪರ್‌ಹೀರೊಗಳು

ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆಯ ‘ಡೂಮ್ ಪ್ಯಾಟ್ರೋಲ್’ ಮೊದಲು ಕಾಣಿಸಿಕೊಂಡಿದ್ದು 1963ರಲ್ಲಿ, ‘ಮೈ ಗ್ರೇಟೆಸ್ಟ್ ಅಡ್ವೆಂಚರ್’ ಪತ್ರಿಕೆಯ 80ನೇ ಸಂಚಿಕೆಯಲ್ಲಿ. ಆರ್ನಾಲ್ಡ್ ಡ್ರೇಕ್ ಮತ್ತು ಬಾಬ್ ಹೇನಿ ಹೆಣೆದ ಕಥೆಗೆ ಚಿತ್ರ ಬರೆದವರು ಬ್ರೂನೊ ಪ್ರಿಮಿಯಾನಿ. ಕಾರು ರೇಸಿನ ಚಾಲಕ ಕ್ಲಿಫ್ ಸ್ಟೀಲ್ ಅಪಘಾತದಲ್ಲಿ ದೇಹವನ್ನೇ ಕಳೆದುಕೊಂಡು, ಮಿದುಳೊಂದನ್ನು ಉಳಿಸಿಕೊಂಡು ಲೋಹದ ಒಡಲಿನಲ್ಲಿ ಬದುಕಿದವನು. ವಿಮಾನ ಚಾಲಕ ಲ್ಯಾರಿ ಟ್ರೇನರ್‌ನ ಮೈಯಿಂದ ವಿಕಿರಣ ಹೊಮ್ಮುತ್ತದೆ, ಹಾಗಾಗಿ ಅವನಿಗೆ ತಲೆಯಿಂದ ಕಾಲಿನವರೆಗೂ ಬ್ಯಾಂಡೇಜು. ನಟಿ ರೀಟಾ ಫಾರ್ ವಿಷಾನಿಲ ಸೇವಿಸಿ ಹಿಗ್ಗುವ, ಕುಗ್ಗುವ ಶಕ್ತಿ ಪಡೆದವಳು. ಗಾಲಿಕುರ್ಚಿಯಲ್ಲಿ ಕೂತೇ ಇವರನ್ನೆಲ್ಲ ಮುನ್ನಡೆಸುವ ವಿಜ್ಞಾನಿ ನೈಲ್ಸ್ ಕಾಲ್ಡರ್. ಶಕ್ತಿ ಇಲ್ಲಿ ವರವಾಗಿ ಬಂದದ್ದಲ್ಲ, ಗಾಯದ ಜೊತೆಗೇ ಬಂದದ್ದು. ಈ ಸರಣಿಯ ಜೀವವಿರುವುದೇ ಅಲ್ಲಿ.

ಶತ್ರುಗಳೂ ವಿಚಿತ್ರವೇ. ಪಾತ್ರೆಯೊಳಗೆ ಬದುಕಿರುವ ಒಂದು ಮಿದುಳು, ಅದರ ಬಲಗೈಯಾಗಿ ಫ್ರೆಂಚ್ ಮಾತಾಡುವ ಗೊರಿಲ್ಲಾ! 1968ರ 121ನೇ ಸಂಚಿಕೆಗೆ ಪತ್ರಿಕೆ ನಿಂತಿತು. ಅದರಲ್ಲಿ ಖಳನೊಬ್ಬ ನಾಯಕರ ಮುಂದೆ ಒಂದು ಆಯ್ಕೆ ಇಡುತ್ತಾನೆ: ಒಂದೋ ನೀವು ಸಾಯಬೇಕು, ಇಲ್ಲವೇ 14 ಜನರಿರುವ ಕಾಡ್ಸ್‌ವಿಲ್ ಎಂಬ ಮೀನುಗಾರರ ಹಳ್ಳಿ ನಾಶವಾಗಬೇಕು. ಅವರು ಹಿಂದೆಮುಂದೆ ನೋಡದೆ ಸಾವನ್ನು ಆರಿಸಿಕೊಳ್ಳುತ್ತಾರೆ. ಸರಣಿಯೊಂದು ತನ್ನ ನಾಯಕರನ್ನೆಲ್ಲ ಕೊಂದು ಮುಗಿಯುವುದು ಆ ಕಾಲಕ್ಕೆ ಅಪರೂಪ.

1977ರಲ್ಲಿ ಪಾಲ್ ಕುಪರ್‌ಬರ್ಗ್ ಹೊಸ ತಂಡ ಕಟ್ಟಿದರು. ಹಳಬರಲ್ಲಿ ಕ್ಲಿಫ್ ಬದುಕುಳಿದಿದ್ದಾನೆ ಎಂದಾಯಿತು. 1987ರಲ್ಲಿ ಅವರದೇ ಬರವಣಿಗೆಯಲ್ಲಿ ಪತ್ರಿಕೆ ಮತ್ತೆ ಶುರುವಾದರೂ, ಅದು ಆ ಕಾಲದ ಇತರ ಸೂಪರ್‌ಹೀರೊ ತಂಡಗಳ ಜಾಡನ್ನೇ ಹಿಡಿಯಿತು.

ನಿಜವಾದ ಮರುಹುಟ್ಟು 1989ರದು. 19ನೇ ಸಂಚಿಕೆಯಿಂದ ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್ ಬರೆಯತೊಡಗಿದರು, ರಿಚರ್ಡ್ ಕೇಸ್ ಚಿತ್ರಿಸಿದರು. ಮಾರಿಸನ್ ಕಥೆ ತೆಗೆದದ್ದು ಮಾನಸಿಕ ಆಸ್ಪತ್ರೆಯಲ್ಲಿ. ಸ್ಪರ್ಶವನ್ನೂ ರುಚಿಯನ್ನೂ ಕಳೆದುಕೊಂಡ ಕ್ಲಿಫ್ ಅಲ್ಲಿ ಕುಸಿದು ಕೂತಿದ್ದಾನೆ. ಅಲ್ಲಿಯೇ ಅವನಿಗೆ ಕ್ರೇಜಿ ಜೇನ್ ಸಿಗುತ್ತಾಳೆ. ಬಾಲ್ಯದ ದೌರ್ಜನ್ಯದಿಂದ ಅವಳೊಳಗೆ 64 ವ್ಯಕ್ತಿತ್ವಗಳು ಒಡೆದಿವೆ; ಒಂದೊಂದಕ್ಕೂ ಬೇರೆಯೇ ಶಕ್ತಿ. ಇಬ್ಬರ ನಡುವೆ ಬೆಳೆಯುವ ಅಕ್ಕರೆಯೇ ಮುಂದಿನ ಕಥೆಯನ್ನೆಲ್ಲ ಹಿಡಿದು ನಿಲ್ಲಿಸುತ್ತದೆ.

ಆ ಅಕ್ಕರೆ ಇದ್ದುದರಿಂದಲೇ ಕಲ್ಪನೆ ಎಷ್ಟು ದೂರ ಹೋದರೂ ಕಥೆ ದಾರಿ ತಪ್ಪಲಿಲ್ಲ. ಪ್ಯಾರಿಸ್ ನಗರವನ್ನೇ ನುಂಗುವ ಒಂದು ವರ್ಣಚಿತ್ರ ಬರುತ್ತದೆ. ಡ್ಯಾನಿ ಎಂಬ ಜೀವಂತ ಬೀದಿ ಬರುತ್ತದೆ: ಇಂದು ಈ ಊರಿನಲ್ಲಿದ್ದರೆ ನಾಳೆ ಇನ್ನೊಂದರಲ್ಲಿ, ಎರಡು ರಸ್ತೆಗಳ ನಡುವೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಮಾತಾಡಬೇಕೆನಿಸಿದರೆ ಅಂಗಡಿ ಫಲಕಗಳ ಮೇಲೆ ಅಕ್ಷರ ಮೂಡಿಸುತ್ತದೆ. ಅದರ ಬಂದೂಕಿನ ಅಂಗಡಿಗೂ ಗುಲಾಬಿ ಬಣ್ಣದ ಪರದೆ. ಎಲ್ಲೂ ಸಲ್ಲದವರಿಗೆ ಅದೇ ಆಸರೆ. 1992ರಲ್ಲಿ ಮಾರಿಸನ್ ಮೂಲ ಕಥೆಯ ಬುಡಕ್ಕೇ ಕೈ ಹಾಕಿದರು: ತಂಡದವರ ಅಪಘಾತಗಳನ್ನು ಮಾಡಿಸಿದವನು ಕಾಲ್ಡರನೇ. ಹಳೆಯ ಸಂಚಿಕೆಗಳನ್ನು ಓದಿದ್ದವರಿಗೆ ಇಡೀ ಸರಣಿಯೇ ಬೇರೆ ಅರ್ಥ ಕೊಟ್ಟಿತು.

ಮಾರಿಸನ್ 63ನೇ ಸಂಚಿಕೆಗೆ ಬಿಟ್ಟರು. ನಂತರ ಬಂದ ರೇಚಲ್ ಪೊಲಾಕ್ ಸ್ವತಃ ಟ್ರಾನ್ಸ್ ಮಹಿಳೆ. ಕೇಟ್ ಗಾಡ್ವಿನ್ ಎಂಬ ಟ್ರಾನ್ಸ್ ನಾಯಕಿಯನ್ನು ತಂಡಕ್ಕೆ ತಂದರು. 1995ರಲ್ಲಿ ಪತ್ರಿಕೆ ಮತ್ತೆ ನಿಂತಿತು. ಆಮೇಲೆ ಹಲವರು ಕೈಯಾಡಿಸಿದರು. 2016ರಲ್ಲಿ ಸಂಗೀತಗಾರ ಜೆರಾರ್ಡ್ ವೇ ಮಾರಿಸನ್ನರ ಹಾದಿಗೆ ಮರಳಿದರು. 2019ರಿಂದ 2023ರವರೆಗೆ ನಾಲ್ಕು ಸೀಸನ್‌ಗಳ ದೃಶ್ಯ ಸರಣಿಯೂ ಬಂತು. ಅದರಲ್ಲಿ ಲೋಹದ ಕ್ಲಿಫ್‌ಗೆ ದನಿ ಬ್ರೆಂಡನ್ ಫ್ರೇಸರ್ ಅವರದು, ಒಡಲು ಇನ್ನೊಬ್ಬ ನಟ ರೈಲಿ ಶಾನಹನ್ ಅವರದು.